ಎಲ್ಲಾ ಸೇರಿದ ಪ್ಯಾಕೇಜ್ ಟೂರ್‌ನಲ್ಲೂ ಹೊರಡುವಾಗ ಏರ್‌ಪೋರ್ಟ್‌ನಲ್ಲಿ ಬೇರೆ ತೆರಿಗೆ ಕೇಳುತ್ತಾರಂತೆ, ನಿಜವೇ? ಮೊದಲೇ ತಿಳಿದುಕೊಳ್ಳುವುದು ಹೇಗೆ?

ನಿಜ, ಆದರೆ ಹಿಂದಿನಷ್ಟಿಲ್ಲ. ದೇಶ ಬಿಟ್ಟು ಹೊರಡುವವರಿಂದ ಪಡೆಯುವ ಇದಕ್ಕೆ ನಿರ್ಗಮನ ತೆರಿಗೆ ಎನ್ನುತ್ತಾರೆ. ಥಾಯ್ಲೆಂಡ್‌ನಲ್ಲಿ 2007ರ ಆರಂಭದವರೆಗೆ 500 ಬಾತ್, ಬಾಲಿಯಲ್ಲಿ 2015ರ ಆರಂಭದವರೆಗೆ 2 ಲಕ್ಷ ರುಪಿಯಾ, ಕ್ಯೂಬಾದಲ್ಲಿ 2015ರ ಏಪ್ರಿಲ್ ಮುಗಿಯುವವರೆಗೆ 25 ಪೆಸೊ, ಇಷ್ಟನ್ನು ಏರ್‌ಪೋರ್ಟ್‌ ಕೌಂಟರ್‌ನಲ್ಲಿ ನಗದಾಗಿ ಎಣಿಸಿ ಕೊಡಬೇಕಿತ್ತು. ಈಗ ಮೂರೂ ಕಡೆ ಅದು ಟಿಕೆಟ್ ಹಣದಲ್ಲೇ ಸೇರಿದೆ. ಹಳೆಯ ಪ್ರವಾಸ ಕೈಪಿಡಿ ನೋಡಿ ಗಾಬರಿಯಾಗಬೇಡಿ. ಹಾಗಿದ್ದರೂ ಕೆಲವು ಸಂದುಗಳು ಉಳಿದಿವೆ, ಅವುಗಳಿಗೆ ಹೆಚ್ಚು ಸಿಕ್ಕಿಬೀಳುವವರು ಪ್ಯಾಕೇಜ್‌ನಲ್ಲಿ ಹೋಗುವವರೇ. ಟಿಕೆಟನ್ನು ತಾವೇ ಕೊಳ್ಳದ ಕಾರಣ ಅದರೊಳಗೆ ಏನಿದೆ ಎಂದು ಅವರು ನೋಡಿರುವುದೇ ಇಲ್ಲ.

ಹಾಗಾಗಿ ಮೊದಲ ಕೆಲಸ, ಏಜೆಂಟರಿಂದ ಇ-ಟಿಕೆಟ್ ರಸೀದಿ ಕೇಳಿ ಪಡೆಯುವುದು. ಸಾಮಾನ್ಯವಾಗಿ ಅವರು ಕಳಿಸುವುದು ಬರೀ ಪ್ರಯಾಣದ ವೇಳಾಪಟ್ಟಿ. ಅದರಲ್ಲಿ ಆರು ಅಕ್ಷರದ ಪಿಎನ್‌ಆರ್, ವಿಮಾನದ ಸಂಖ್ಯೆ, ಸಮಯ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ರಸೀದಿಯಲ್ಲಿ 13 ಅಂಕಿಯ ಟಿಕೆಟ್ ಸಂಖ್ಯೆ ಇರುತ್ತದೆ, ಜೊತೆಗೆ ತೆರಿಗೆಗಳದೇ ಒಂದು ಸಾಲು ಇರುತ್ತದೆ. ಒಂದೊಂದು ಮೊತ್ತದ ಪಕ್ಕದಲ್ಲೂ ಎರಡಕ್ಷರದ ಸಂಕೇತ. ಟಿಎಸ್ ಅಂದರೆ ಥಾಯ್ಲೆಂಡ್‌ನ ಪ್ರಯಾಣಿಕ ಸೇವಾ ಶುಲ್ಕ, ಡಿ5 ಇಂಡೋನೇಷ್ಯಾದ್ದು, ಎಕ್ಸ್‌ಡಿ ಮೆಕ್ಸಿಕೊದ ನಿರ್ಗಮನ ತೆರಿಗೆ, ಜಿಬಿ ಬ್ರಿಟನ್ನಿನ ಏರ್ ಪ್ಯಾಸೆಂಜರ್ ಡ್ಯೂಟಿ, ಎಯು ಆಸ್ಟ್ರೇಲಿಯಾದ ಪ್ಯಾಸೆಂಜರ್ ಮೂವ್‌ಮೆಂಟ್ ಚಾರ್ಜ್. ನೀವು ಯಾವ ದೇಶದಿಂದ ವಾಪಸ್ ಹೊರಡುತ್ತೀರೋ ಆ ದೇಶದ ಸಂಕೇತ ಸಾಲಿನಲ್ಲಿದ್ದರೆ ಆ ತೆರಿಗೆ ಕಟ್ಟಿಯಾಗಿದೆ ಎಂದರ್ಥ. ವೈಕ್ಯೂ, ವೈಆರ್ ಎಂಬುವು ತೆರಿಗೆಯಲ್ಲ, ವಿಮಾನ ಸಂಸ್ಥೆಯೇ ಹಾಕಿಕೊಳ್ಳುವ ಸರ್‌ಚಾರ್ಜ್. ಅವು ದೊಡ್ಡ ಮೊತ್ತದಲ್ಲಿ ಕಂಡವೆಂದು ನಿರ್ಗಮನ ತೆರಿಗೆ ಸೇರಿದೆ ಎಂದುಕೊಂಡರೆ ಮೋಸಹೋಗುತ್ತೀರಿ. ದಿನಾಂಕ ಬದಲಿಸಿ ಮತ್ತೆ ಕೊಟ್ಟ ಟಿಕೆಟ್‌ನಲ್ಲಿ ಪಿಡಿ ಎಂದಿದ್ದರೆ ಆ ತೆರಿಗೆಯನ್ನು ಹಳೆಯ ಟಿಕೆಟ್‌ನಲ್ಲೇ ಕಟ್ಟಲಾಗಿದೆ ಎಂದು ತಿಳಿಯಿರಿ.

ಟೂರ್ ಕಂಪನಿಗಳಿಗೆ ಸಿಗುವ ವಿಶೇಷ ದರದ ಟಿಕೆಟ್‌ನಲ್ಲಿ ದರದ ಜಾಗದಲ್ಲಿ ಹಣದ ಬದಲು ಐಟಿ (ಇನ್‌ಕ್ಲೂಸಿವ್ ಟೂರ್) ಎಂದು ಬರೆದಿರುತ್ತದೆ. ದರ ಮುಚ್ಚಿಟ್ಟರೂ ತೆರಿಗೆಯ ಸಾಲು ಸಾಮಾನ್ಯವಾಗಿ ಕಾಣಿಸುತ್ತದೆ, ಆದ್ದರಿಂದ "ಗ್ರೂಪ್ ಟಿಕೆಟ್, ತೋರಿಸೋಕಾಗಲ್ಲ" ಎಂಬ ಮಾತನ್ನು ಸುಲಭವಾಗಿ ಒಪ್ಪಬೇಡಿ. ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದ ಚಾರ್ಟರ್ ಪ್ರಯಾಣವಾದರೆ ಪರಿಸ್ಥಿತಿ ಬೇರೆ. ಅಲ್ಲಿ ನಿಮ್ಮ ಹೆಸರಿಗೆ ತೆರಿಗೆ ಬಿಡಿಸಿ ಬರೆದ ಟಿಕೆಟ್ ಇರದೆ ಬರೀ ವೋಚರ್ ಇರಬಹುದು. ಆಗ ಉಳಿಯುವುದು ಒಂದೇ ದಾರಿ: "ನಾವು ಹೋಗುವ ದೇಶದ ನಿರ್ಗಮನ ತೆರಿಗೆಯೂ, ಅಲ್ಲಿನ ಏರ್‌ಪೋರ್ಟ್ ಶುಲ್ಕವೂ ತಲಾ ಬೆಲೆಯಲ್ಲಿ ಸೇರಿವೆಯೇ?" ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳುವುದು. "ಎಲ್ಲಾ ಟ್ಯಾಕ್ಸ್ ಸೇರಿದೆ" ಎಂಬ ಉತ್ತರ ಸಾಲದು. ಇಲ್ಲಿಂದ ಹೊರಡುವ ಊರಿನ ತೆರಿಗೆಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಹೇಳುವವರಿದ್ದಾರೆ.

ಇನ್ನು ಟಿಕೆಟ್‌ನಲ್ಲಿ ಎಷ್ಟು ಹುಡುಕಿದರೂ ಸಿಗದಂಥವು. ಕೆಲವು ಸಣ್ಣ ವಿಮಾನ ನಿಲ್ದಾಣಗಳು ಸರ್ಕಾರದ ತೆರಿಗೆಯ ಹೊರತಾಗಿ ತಮ್ಮದೇ ಅಭಿವೃದ್ಧಿ ಶುಲ್ಕವನ್ನು ನೇರವಾಗಿ ವಸೂಲಿ ಮಾಡುತ್ತವೆ. ಐರ್ಲೆಂಡ್‌ನ ನಾಕ್ ಊರಿನ ಐರ್ಲೆಂಡ್ ವೆಸ್ಟ್ ಏರ್‌ಪೋರ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಂದ ಹೊರಡುವ 12 ವರ್ಷ ಮತ್ತು ಮೇಲ್ಪಟ್ಟವರು ತಲಾ 10 ಯೂರೊ ಕಟ್ಟಿದ ಮೇಲೆಯೇ ಭದ್ರತಾ ತಪಾಸಣೆಗೆ ಹೋಗಬೇಕು.

ಪ್ರವಾಸಿ ಸುಂಕಗಳದು ಇನ್ನೊಂದು ಬಗೆ. ಬಾಲಿ ಪ್ರಾಂತ್ಯ 2024ರ ಫೆಬ್ರವರಿ 14ರಿಂದ ವಿದೇಶಿ ಪ್ರವಾಸಿಗರಿಂದ 1.5 ಲಕ್ಷ ರುಪಿಯಾ ತೆಗೆದುಕೊಳ್ಳುತ್ತಿದೆ. ಇದಕ್ಕೂ ವೀಸಾ ಶುಲ್ಕಕ್ಕೂ ಟಿಕೆಟ್‌ನ ಡಿ5 ಶುಲ್ಕಕ್ಕೂ ಸಂಬಂಧವಿಲ್ಲ. ಲವ್ ಬಾಲಿ ಎಂಬ ಸರ್ಕಾರಿ ತಾಣದಲ್ಲಿ ಮೊದಲೇ ಕಟ್ಟಿ ಕ್ಯೂಆರ್ ಕೋಡ್ ಇಟ್ಟುಕೊಳ್ಳುವುದು ಸುಲಭ. ಮೆಕ್ಸಿಕೊದ ಕ್ಯಾನ್‌ಕೂನ್ ಇರುವ ಕಿಂಟಾನಾ ರೂ ರಾಜ್ಯವೂ 2021ರ ಏಪ್ರಿಲ್‌ನಿಂದ ವಿಸಿಟ್ಯಾಕ್ಸ್ ಎಂಬ ಸುಂಕ ಹಾಕಿದೆ. ಅದನ್ನೂ ಆನ್‌ಲೈನ್‌ನಲ್ಲಿ ಪ್ರತ್ಯೇಕವಾಗಿಯೇ ಕಟ್ಟಬೇಕು. ಇಂಥ ಸುಂಕಗಳ ಹೆಸರಿನಲ್ಲಿ ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೇಲೆ ಬರುತ್ತವೆ, ಮೂಲ ಮೊತ್ತಕ್ಕಿಂತ ಹೆಚ್ಚು ಕೀಳುತ್ತವೆ. ಕಾರ್ಡ್ ಸಂಖ್ಯೆ ಹಾಕುವ ಮೊದಲು ವಿಳಾಸವನ್ನು ಅಕ್ಷರ ಅಕ್ಷರ ಓದಿ.

ಮಾಲ್ಡೀವ್ಸ್‌ಗೆ ಹೋಗುವವರು ಎರಡು ಲೆಕ್ಕ ಇಟ್ಟುಕೊಳ್ಳಬೇಕು. ನಿರ್ಗಮನ ತೆರಿಗೆ, ಏರ್‌ಪೋರ್ಟ್ ಅಭಿವೃದ್ಧಿ ಶುಲ್ಕ ಎರಡೂ 2024ರ ಡಿಸೆಂಬರ್ 1ರಿಂದ ವಿದೇಶಿಯರಿಗೆ ಎಕಾನಮಿಯಲ್ಲಿ 30 ಡಾಲರ್‌ನಿಂದ 50ಕ್ಕೆ, ಬಿಸಿನೆಸ್ ಕ್ಲಾಸ್‌ನಲ್ಲಿ 60ರಿಂದ 120ಕ್ಕೆ ಏರಿದವು. ಎಕಾನಮಿಯಲ್ಲಿ ಒಬ್ಬರಿಗೆ ಒಟ್ಟು 100 ಡಾಲರ್, ಅದು ಟಿಕೆಟ್‌ನಲ್ಲೇ ಇರುತ್ತದೆ. ಆದರೆ ಗ್ರೀನ್ ಟ್ಯಾಕ್ಸ್ ವಸತಿಗೆ ಸೇರಿದ್ದು. ರೆಸಾರ್ಟ್‌ಗಳಲ್ಲಿ 2025ರ ಜನವರಿ 1ರಿಂದ ತಲಾ ದಿನಕ್ಕೆ 12 ಡಾಲರ್. ಗಂಡ ಹೆಂಡತಿ ಐದು ರಾತ್ರಿ ಉಳಿದರೆ 120 ಡಾಲರ್. ಪ್ಯಾಕೇಜ್‌ನಲ್ಲಿ ಅದು ಸೇರಿಲ್ಲದಿದ್ದರೆ ಚೆಕ್-ಔಟ್ ಬಿಲ್‌ನಲ್ಲಿ ಬಂದು ಕೂರುತ್ತದೆ. ಬುಕಿಂಗ್ ಕಾಗದದಲ್ಲಿ "ಸ್ಥಳದಲ್ಲೇ ಪಾವತಿಸಬೇಕಾದವು" ಅಥವಾ "ಸೇರಿಲ್ಲದವು" ಎಂಬ ಭಾಗವನ್ನು ಈ ಕಾರಣಕ್ಕೇ ಮೊದಲು ಓದಬೇಕು.

ದಾರಿಯಲ್ಲಿ ಒಂದೆರಡು ದಿನ ಇಳಿದು ನೋಡುವ ಯೋಜನೆ ಇದ್ದರೆ 24 ಗಂಟೆಯ ನಿಯಮ ನೆನಪಿರಲಿ. ಬ್ರಿಟನ್ನಿನಲ್ಲಿ ಒಂದೇ ಟಿಕೆಟ್‌ನಲ್ಲಿ ಬಂದು 24 ಗಂಟೆಯೊಳಗೆ ಮುಂದಿನ ದೇಶಕ್ಕೆ ಹೋದರೆ ಏರ್ ಪ್ಯಾಸೆಂಜರ್ ಡ್ಯೂಟಿ ಇಲ್ಲ. ಹೆಚ್ಚು ಹೊತ್ತು ನಿಂತರೆ, ಅಥವಾ ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ, ತೆರಿಗೆ ಬೀಳುತ್ತದೆ.

ಈಗ ನ್ಯಾಯದ ಮಾತು. ಬುಕ್ ಮಾಡಿದ ಮೇಲೆ ತೆರಿಗೆ ಏರಿದರೆ ಹೊರೆ ಯಾರದು? ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರಯಾಣ ನಿರ್ದೇಶನ, ಬ್ರಿಟನ್ನಿನ 2018ರ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ತೆರಿಗೆ, ಶುಲ್ಕ ಎಲ್ಲ ಸೇರಿದ ಒಟ್ಟು ಬೆಲೆಯನ್ನು ಒಪ್ಪಂದಕ್ಕೆ ಮೊದಲೇ ಹೇಳಬೇಕು. ನಿಖರ ಮೊತ್ತ ಲೆಕ್ಕಕ್ಕೆ ಸಿಗದಿದ್ದರೆ ಯಾವ ಬಗೆಯ ಹೆಚ್ಚುವರಿ ಖರ್ಚು ಬರಬಹುದು ಎಂದಾದರೂ ತಿಳಿಸಬೇಕು. ಹೇಳದೇ ಬಿಟ್ಟ ಶುಲ್ಕವನ್ನು ಗ್ರಾಹಕರು ಹೊರಬೇಕಿಲ್ಲ. ಬೆಲೆ ಏರಿಸಬೇಕಿದ್ದರೆ ಒಪ್ಪಂದದಲ್ಲಿ ಹಾಗೆಂದು ಬರೆದಿರಬೇಕು, ಪ್ರಯಾಣಕ್ಕೆ 20 ದಿನ ಇರುವ ಮೊದಲೇ ಕಾರಣ ಮತ್ತು ಲೆಕ್ಕದ ಸಮೇತ ತಿಳಿಸಬೇಕು. ಏರಿಕೆ ಶೇ. 8 ದಾಟಿದರೆ ನೀವು ದಂಡವಿಲ್ಲದೆ ರದ್ದುಮಾಡಬಹುದು. ಏರಿಸುವ ಹಕ್ಕು ಇಟ್ಟುಕೊಂಡವರು ತೆರಿಗೆ ಇಳಿದಾಗ ಬೆಲೆಯನ್ನೂ ಇಳಿಸಬೇಕು. ಇದನ್ನು ಕೇಳುವವರು ಬಹಳ ಕಡಿಮೆ, ಕೇಳಲೇಬೇಕು.

ಇದು ಎಷ್ಟು ಗಂಭೀರ ವಿಷಯ ಎಂದು 2007ರಲ್ಲಿ ಬ್ರಿಟನ್ನಿನಲ್ಲಿ ಗೊತ್ತಾಯಿತು. 2006ರ ಡಿಸೆಂಬರ್‌ನಲ್ಲಿ ಘೋಷಿಸಿ, ಫೆಬ್ರವರಿ 1ರಿಂದಲೇ ಅಲ್ಲಿನ ಸರ್ಕಾರ ಏರ್ ಪ್ಯಾಸೆಂಜರ್ ಡ್ಯೂಟಿಯನ್ನು ದುಪ್ಪಟ್ಟು ಮಾಡಿತು. ಎಕಾನಮಿಯಲ್ಲಿ ಹತ್ತಿರದ ಪ್ರಯಾಣಕ್ಕೆ 5 ಪೌಂಡ್ ಇದ್ದದ್ದು 10, ದೂರದ್ದು 20ರಿಂದ 40. ಆಗಿನ ಪ್ಯಾಕೇಜ್ ನಿಯಮದಂತೆ ಬೆಲೆಯ ಶೇ. 2ರವರೆಗಿನ ಏರಿಕೆಯನ್ನು ಟೂರ್ ಕಂಪನಿಯೇ ಭರಿಸಬೇಕಿದ್ದರಿಂದ, ಆಗಲೇ ಮಾರಿದ ಪ್ಯಾಕೇಜ್‌ಗಳ ಹೊರೆ ಅವರ ಮೇಲೆಯೇ ಬಿತ್ತು. ಟೂರ್ ಆಪರೇಟರ್‌ಗಳ ಒಕ್ಕೂಟ ಕೋರ್ಟಿಗೆ ಹೋಗಿ ಸೋತಿತು. ವಿಮಾನದ ಟಿಕೆಟ್ ಮಾತ್ರ ಕೊಂಡವರಿಗೆ ಇಂಥ ರಕ್ಷಣೆ ಇರಲಿಲ್ಲ.

ಏರ್‌ಪೋರ್ಟ್‌ನಲ್ಲಿ ಯಾರಾದರೂ ಹಣ ಕೇಳಿಯೇಬಿಟ್ಟರೆ ಮೊದಲು ಟಿಕೆಟ್ ರಸೀದಿಯ ತೆರಿಗೆ ಸಾಲು ತೋರಿಸಿ, ಅದರ ಪ್ರಿಂಟ್ ಕೈಯಲ್ಲಿರಲಿ. ಆಮೇಲೂ ಕಟ್ಟಲೇಬೇಕೆಂದರೆ ಕೌಂಟರ್‌ನಲ್ಲೇ ಕಟ್ಟಿ, ಕ್ಯೂ ತಪ್ಪಿಸಿ ಕೊಡುತ್ತೇನೆ ಎನ್ನುವವರ ಕೈಗೆ ಕೊಡಬೇಡಿ. ಶುಲ್ಕದ ಹೆಸರು, ಮೊತ್ತ, ದಿನಾಂಕ, ಕ್ರಮಸಂಖ್ಯೆ ಇರುವ ರಸೀದಿ ಬೇಕೇ ಬೇಕು. ಅದಿಲ್ಲದೆ ಟೂರ್ ಕಂಪನಿಯಿಂದ ಹಣ ವಾಪಸ್ ಕೇಳಲಾಗದು. ಕೊನೆಯ ದಿನ ಸ್ಥಳೀಯ ಹಣವನ್ನೆಲ್ಲ ಖರ್ಚು ಮಾಡಿ ಬರುವುದು ಇಲ್ಲಿ ತೊಂದರೆ ಕೊಡುತ್ತದೆ. ಕಾರ್ಡ್ ಯಂತ್ರ ಕೆಟ್ಟಿರಬಹುದು, ಡಾಲರ್ ಕೊಟ್ಟರೆ ಚಿಲ್ಲರೆ ಸ್ಥಳೀಯ ನೋಟಿನಲ್ಲೇ, ಅವರು ಹೇಳಿದ ದರದಲ್ಲೇ ಬರುತ್ತದೆ. ಹರಿದ, ಗೀಚಿದ ಡಾಲರ್ ನೋಟನ್ನು ಹಲವು ಕಡೆ ಮುಟ್ಟುವುದಿಲ್ಲ.

ಮಕ್ಕಳ ವಯಸ್ಸನ್ನು ಬುಕಿಂಗ್‌ನಲ್ಲಿ ಸರಿಯಾಗಿ ಬರೆಸಿ. ಬ್ರಿಟನ್ನಿನಿಂದ ಎಕಾನಮಿಯಲ್ಲಿ ಹೊರಡುವ 16ರೊಳಗಿನವರಿಗೆ 2016ರ ಮಾರ್ಚ್‌ನಿಂದ ಡ್ಯೂಟಿ ಇಲ್ಲ. ಆಸ್ಟ್ರೇಲಿಯಾದ 70 ಡಾಲರ್ ಶುಲ್ಕ 12ರೊಳಗಿನವರಿಗಿಲ್ಲ. ಮಗುವನ್ನು ದೊಡ್ಡವರ ಲೆಕ್ಕಕ್ಕೆ ಸೇರಿಸಿದ್ದರೆ ಕೂಡಲೇ ತಿದ್ದಿಸಿ, ಹೆಚ್ಚಾದದ್ದನ್ನು ಕೇಳಿ. ಹಾಗೆಯೇ ಕೊನೆ ಗಳಿಗೆಯಲ್ಲಿ ಪ್ರಯಾಣವೇ ನಿಂತರೆ, ಇಂಥ ನಿರ್ಗಮನ ತೆರಿಗೆ ಹಾರಿದವರಿಗಷ್ಟೇ ಅನ್ವಯಿಸುವುದರಿಂದ ಆ ಭಾಗವನ್ನು ವಾಪಸ್ ಕೇಳಬಹುದು. ಟಿಕೆಟ್ ಹಣ ಮರಳಿ ಬರುವುದಿಲ್ಲ ಎಂದು ಬರೆದಿದ್ದರೂ ಕೇಳಿ. ಸೇವಾ ಶುಲ್ಕ ಕಡಿದುಕೊಳ್ಳುವುದುಂಟು, ಆದ್ದರಿಂದ ಅದೆಷ್ಟೆಂದು ಮೊದಲು ವಿಚಾರಿಸಿ, ಆಮೇಲೆ ಅರ್ಜಿ ಹಾಕಿ.