ಡಿ ಡ್ರೈವ್ ತೆರೆಯುತ್ತಿಲ್ಲ, ಚೆಕ್‌ಡಿಸ್ಕ್ ಓಡಿಸಲೇ?

ಪ್ರಶ್ನೆ: ಸಿಡಿಲು ಮಳೆಯ ದಿನ ಕರೆಂಟು ನಾಲ್ಕೈದು ಸಲ ಹೋಗಿ ಬಂತು. ಕಂಪ್ಯೂಟರ್ ಆನ್ ಆಗುತ್ತದೆ, ಆದರೆ ಡಿ ಡ್ರೈವ್ ಒತ್ತಿದರೆ ‘ಫಾರ್ಮ್ಯಾಟ್ ಮಾಡಬೇಕು’ ಎನ್ನುತ್ತದೆ. ಅಡಿಕೆ ವ್ಯಾಪಾರದ ಟ್ಯಾಲಿ ಲೆಕ್ಕವೆಲ್ಲ ಅದರಲ್ಲೇ ಇದೆ. ಚೆಕ್‌ಡಿಸ್ಕ್ ಓಡಿಸಿ ಎನ್ನುತ್ತಾರೆ ಗೊತ್ತಿದ್ದವರು. ಓಡಿಸಲೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಈಗ ಬೇಡ. ಫಾರ್ಮ್ಯಾಟ್ ಕೇಳಿದಾಗ ಕ್ಯಾನ್ಸಲ್ ಒತ್ತಿ ಕಂಪ್ಯೂಟರ್ ಆಫ್ ಮಾಡಿ. ಸಿ ಮತ್ತು ಡಿ ಎರಡೂ ಒಂದೇ ಡಿಸ್ಕ್‌ನ ಭಾಗಗಳಾಗಿದ್ದರೆ (ಪಾರ್ಟಿಷನ್), ವಿಂಡೋಸ್ ಸುಮ್ಮನೆ ಓಡುತ್ತಿದ್ದರೂ ಡಿಸ್ಕ್‌ಗೆ ಕೆಲಸ ತಪ್ಪುವುದಿಲ್ಲ.

ಚೆಕ್‌ಡಿಸ್ಕ್ ಎಂಬುದು ವಿಂಡೋಸ್‌ನಲ್ಲೇ ಇರುವ ಡಿಸ್ಕ್ ತಪಾಸಣೆಯ ಸಾಧನ, ಅದರ ಉದ್ದೇಶವೇ ಬೇರೆ. ಯಾವ ಫೈಲ್ ಎಲ್ಲಿದೆ ಎಂಬ ಫೈಲ್ ಸಿಸ್ಟಂ ಲೆಕ್ಕ ಸರಿಹೋಗಬೇಕು, ಅಷ್ಟೇ ಅದಕ್ಕೆ ಬೇಕು. ಲೆಕ್ಕಕ್ಕೆ ಸಿಗದ ಫೈಲುಗಳನ್ನು, ಫೈಲಿನ ತುಂಡುಗಳನ್ನು ಫೌಂಡ್.000 ಎಂಬ ಫೋಲ್ಡರ್‌ಗೆ ತಳ್ಳುತ್ತದೆ, ಹೆಸರೂ ಹೋಗಬಹುದು. ಅದನ್ನೆಲ್ಲ ಬರೆಯುವುದು ಕೆಟ್ಟಿರುವ ಅದೇ ಡಿಸ್ಕ್ ಮೇಲೆ. ‘ಆರ್’ ಆಯ್ಕೆ ಕೊಟ್ಟರಂತೂ ಪ್ರತಿ ಸೆಕ್ಟರನ್ನೂ (ಡಿಸ್ಕ್‌ನ ಚಿಕ್ಕ ಖಾನೆ) ಓದಲು ಹೋಗಿ, ಸುಸ್ತಾದ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ.

ಮೊದಲು ಡಿಸ್ಕ್ ಸ್ಥಿತಿ ನೋಡಬೇಕು. ಅದನ್ನು ಬಿಚ್ಚಿ, ಸಾಟಾ–ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರ್‌ಗೆ ಹಾಕಿ. ಲ್ಯಾಪ್‌ಟಾಪ್‌ನ 2.5 ಇಂಚಿನ ಡಿಸ್ಕ್‌ಗೆ ಯುಎಸ್‌ಬಿಯ 5 ವೋಲ್ಟ್ ಸಾಕು, ಡೆಸ್ಕ್‌ಟಾಪ್‌ನ 3.5 ಇಂಚಿನದಕ್ಕೆ 12 ವೋಲ್ಟ್ ಕೂಡ ಬೇಕಿರುವುದರಿಂದ ಪ್ರತ್ಯೇಕ ಪವರ್ ಇರುವ ಅಡಾಪ್ಟರ್ ಕೊಳ್ಳಿ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ತೆರೆದು 05, ಸಿ5, ಸಿ6 ಸಾಲುಗಳ ಕೊನೆಯ ಅಂಕಿ ನೋಡಿ. ಅದು ಹೆಕ್ಸ್ (ಹದಿನಾರರ ಎಣಿಕೆಯ) ಅಂಕಿ, 10 ಎಂದಿದ್ದರೆ 16 ಎಂದು ಓದಿಕೊಳ್ಳಿ. ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಓದಲಾಗದ ಸೆಕ್ಟರ್‌ಗಳಿವೆ. ಸಿ7 ಮಾತ್ರ ಏರಿದ್ದರೆ ಡಿಸ್ಕ್‌ಗಿಂತ ಹೆಚ್ಚು ಅನುಮಾನ ನಿಮ್ಮ ಕಂಪ್ಯೂಟರಿನೊಳಗಿನ ಸಾಟಾ ಕೇಬಲ್ ಮೇಲೆ. ಹೊಸ ಕೇಬಲ್ ಹಾಕಿ ನೋಡಿ. ಹಳೆಯ ಅಂಕಿ ಇಳಿಯುವುದಿಲ್ಲ, ಮತ್ತೆ ಏರದಿದ್ದರೆ ಸಾಕು.

ಅಂಕಿ ಹೇಗೇ ಇರಲಿ, ಮುಂದಿನ ಕೆಲಸ ಪೂರ್ತಿ ಡಿಸ್ಕ್‌ನ ನಕಲು. ಅದಕ್ಕೆ ಡಿಡಿರೆಸ್ಕ್ಯೂ ಬಳಸಿ. ಸಿಸ್ಟಂರೆಸ್ಕ್ಯೂ ಲಿನಕ್ಸ್ ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಅದು ಸಿದ್ಧವಾಗಿರುತ್ತದೆ. 500 ಜಿಬಿ ಡಿಸ್ಕ್ ಆದರೆ 1 ಟಿಬಿ ಖಾಲಿ ಡಿಸ್ಕ್ ಇಟ್ಟುಕೊಳ್ಳಿ, ಅದರ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿರಲಿ. ನಕಲು ಒಂದೇ ದೊಡ್ಡ ಫೈಲಾಗಿ ಬೀಳುತ್ತದೆ, ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಮೊದಲ ಸುತ್ತಿನಲ್ಲಿ ‘ಎನ್’ ಆಯ್ಕೆ ಕೊಟ್ಟರೆ ಸುಲಭವಾಗಿ ಸಿಗುವುದನ್ನು ಎತ್ತಿಕೊಂಡು ಕೆಟ್ಟ ಜಾಗಗಳನ್ನು ಕೆದಕದೆ ಬಿಡುತ್ತದೆ. ಎರಡನೇ ಸುತ್ತಿನಲ್ಲಿ ‘ಆರ್3’ ಕೊಟ್ಟು ಅಲ್ಲಿ ಮೂರು ಸಲ ಯತ್ನಿಸಿ. ಯಾವ ಡಿಸ್ಕ್‌ನಿಂದ ಯಾವುದಕ್ಕೆ ಎಂಬುದನ್ನು ಎಂಟರ್ ಒತ್ತುವ ಮುನ್ನ ಗಾತ್ರ ಮತ್ತು ಮಾಡೆಲ್ ನೋಡಿ ಖಾತ್ರಿ ಮಾಡಿಕೊಳ್ಳಿ. ತಿರುವುಮುರುವಾದರೆ ಖಾಲಿ ಡಿಸ್ಕ್ ಲೆಕ್ಕದ ಮೇಲೆ ಬಂದು ಕೂರುತ್ತದೆ.

ಇನ್ನು ಕರೆಂಟು. ಒಳ್ಳೆಯ ಡಿಸ್ಕ್ ಒಂದೆರಡು ಗಂಟೆಯಲ್ಲಿ ಮುಗಿದರೆ, ಕೆಟ್ಟ ಸೆಕ್ಟರ್ ಹೆಚ್ಚಿರುವುದು ದಿನಗಟ್ಟಲೆ ಹಿಡಿಯಬಹುದು. ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟು ಇರುವುದನ್ನು ನಂಬಿ ಕೂರುವ ಹಾಗಿಲ್ಲ. ಡಿಡಿರೆಸ್ಕ್ಯೂ ಎಲ್ಲಿಯವರೆಗೆ ಓದಿತು ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳುತ್ತದೆ, ಅದೇ ಕಮಾಂಡ್ ಮತ್ತೆ ಕೊಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ ಲಿನಕ್ಸ್‌ನ ಹೋಮ್ ಫೋಲ್ಡರ್ ಇರುವುದು ರ‍್ಯಾಮ್‌ನಲ್ಲಿ. ಮ್ಯಾಪ್ ಫೈಲ್ ಅಲ್ಲಿಟ್ಟರೆ ಕರೆಂಟಿನ ಜೊತೆ ಅದೂ ಹೋಯಿತು. ನಕಲು ಬೀಳುತ್ತಿರುವ ಡಿಸ್ಕ್‌ನಲ್ಲೇ ಇಡಿ. ಮನೆಯ ಇನ್ವರ್ಟರ್ ಮೇಲೆ ಓಡಿಸುವುದಾದರೆ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು.

ನಕಲು ಕೈಗೆ ಬಂದ ಮೇಲೆ ಮೂಲ ಡಿಸ್ಕ್ ಎತ್ತಿಟ್ಟು, ನಕಲಿನ ಮೇಲೆ ಪಾರ್ಟಿಷನ್ ಸರಿಪಡಿಸುವ ಟೆಸ್ಟ್‌ಡಿಸ್ಕ್ ಓಡಿಸಿ. ಎನ್‌ಟಿಎಫ್‌ಎಸ್‌ನ ಮೊದಲ ಸೆಕ್ಟರ್ ಆದ ಬೂಟ್ ಸೆಕ್ಟರ್‌ಗೆ ಪಾರ್ಟಿಷನ್‌ನ ಕೊನೆಯ ಸೆಕ್ಟರ್‌ನಲ್ಲಿ ಒಂದು ಪ್ರತಿ ಇರುತ್ತದೆ, ‘ಬ್ಯಾಕಪ್ ಬಿಎಸ್’ ಆಯ್ಕೆ ಅದನ್ನು ತಂದು ಕೂರಿಸುತ್ತದೆ. ನಿಮ್ಮಂಥ ಪ್ರಕರಣಗಳಲ್ಲಿ ಎಷ್ಟೋ ಸಲ ಇಷ್ಟಕ್ಕೇ ಡ್ರೈವ್ ತೆರೆದುಕೊಳ್ಳುತ್ತದೆ. ಇಲ್ಲವಾದರೆ ಅನಲೈಸ್, ಕ್ವಿಕ್ ಸರ್ಚ್ ಮಾಡಿ, ಪಾರ್ಟಿಷನ್ ಮೇಲೆ ‘ಪಿ’ ಒತ್ತಿ. ಫೈಲುಗಳ ಪಟ್ಟಿ ಬಂದರೆ ಟ್ಯಾಲಿ ಡೇಟಾ ಫೋಲ್ಡರ್ ಮೇಲೆ ನಿಂತು ಸಣ್ಣ ‘ಸಿ’ ಒತ್ತಿ ನಕಲಿಸಿ. 10000ದಂಥ ಅಂಕಿಯ ಹೆಸರಿನ ಫೋಲ್ಡರ್ ಇಡಿಯಾಗಿ, ಹೆಸರು ಸಮೇತ ಬರಬೇಕು. ಹೆಸರು ಕಳೆದು ಬಿಡಿಬಿಡಿಯಾಗಿ ಸಿಕ್ಕ ಫೈಲುಗಳಿಂದ ಟ್ಯಾಲಿ ಕಂಪನಿ ತೆರೆಯದು.

ಪ್ರಶ್ನೆ: ಓಡುತ್ತಿದ್ದ ಎಕ್ಸ್‌ಟರ್ನಲ್ ಡಿಸ್ಕ್ ಮೇಜಿನಿಂದ ಬಿತ್ತು. ಈಗ ಟಿಕ್ ಟಿಕ್ ಸದ್ದು. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆಯಂತೆ?
– ಓದುಗರು, ಸಾಗರ

ಉತ್ತರ: ಇಡಬೇಡಿ. ಹೊರತೆಗೆದ ಕೂಡಲೇ ಮಂಜಿನ ಪಸೆ ಡಿಸ್ಕ್ ಒಳಗಿನ ತಟ್ಟೆಯ ಮೇಲೆ ಕೂರುತ್ತದೆ, ನಮ್ಮ ತೇವದ ಗಾಳಿಯಲ್ಲಿ ಇನ್ನೂ ಬೇಗ. ಡೇಟಾ ಓದುವ ಹೆಡ್ ತೇಲುವುದು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ. ಬಿದ್ದ ಏಟಿಗೆ ಹೆಡ್ ಹಾಳಾಗಿರಬಹುದು; ಪ್ರತಿ ಸಲ ಪ್ಲಗ್ ಹಾಕಿದಾಗಲೂ ಅದು ತಟ್ಟೆಯನ್ನು ಕೆರೆಯಬಹುದು. ಯಾವ ಸಾಫ್ಟ್‌ವೇರೂ ಇಲ್ಲಿ ಕೆಲಸಕ್ಕೆ ಬಾರದು. ಮುಚ್ಚಳ ಬಿಚ್ಚಬೇಡಿ, ಯಾರಿಗೂ ಅಂಗಡಿಯ ಮೇಜಿನ ಮೇಲೆ ಬಿಚ್ಚಲು ಬಿಡಬೇಡಿ. ಕ್ಲೀನ್ ರೂಮ್ ಇರುವ ಡೇಟಾ ರಿಕವರಿ ಲ್ಯಾಬ್‌ನವರು ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನ ಹೆಡ್ ತೆಗೆದು ಹಾಕುತ್ತಾರೆ. ಖರ್ಚು ದೊಡ್ಡದು, ಮೊದಲೇ ಬರಹದಲ್ಲಿ ಕೇಳಿ. ಡೇಟಾ ಸಿಗದಿದ್ದರೆ ಎಷ್ಟು ಎಂಬುದನ್ನೂ. ಕಳಿಸುವಾಗ ಆಂಟಿಸ್ಟ್ಯಾಟಿಕ್ ಕವರ್, ಸಿಲಿಕಾ ಜೆಲ್, ಸುತ್ತಲೂ ದಪ್ಪ ಫೋಮ್. ಎಕ್ಸ್‌ಟರ್ನಲ್ ಡಿಸ್ಕ್‌ನ ಹೊರಪೆಟ್ಟಿಗೆಯ ಒಳಗಿನ ಬೋರ್ಡನ್ನೂ ಜೊತೆಗೇ ಕಳಿಸಿ: ಕೆಲವು ಎಕ್ಸ್‌ಟರ್ನಲ್ ಡಿಸ್ಕ್‌ಗಳು ಆ ಬೋರ್ಡ್ ಮೂಲಕವೇ ಡೇಟಾ ಎನ್‌ಕ್ರಿಪ್ಟ್ ಮಾಡುತ್ತವೆ.

ಪ್ರಶ್ನೆ: ಕಳೆದುಹೋದ ಫೈಲ್ ಹುಡುಕುವ ಫೋಟೋರೆಕ್‌ನಿಂದ ತೆಗೆದ ಕನ್ನಡ ಫೈಲುಗಳು ತೆರೆಯುತ್ತವೆ, ಆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹಾಳಾಗಿವೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಬಹುಶಃ ಇಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಾಗೇ ಕಾಣುತ್ತದೆ. ಫಾಂಟ್ ಹಾಕಿ, ಪಠ್ಯವನ್ನೆಲ್ಲ ಆಯ್ದು ಅದನ್ನೇ ಕೊಡಿ. ಆಮೇಲೆ ಯುನಿಕೋಡ್‌ಗೆ ಬದಲಿಸಿ ಇಟ್ಟುಕೊಳ್ಳಿ. ಹೆಸರುಗಳು ಮಾತ್ರ ಮರಳುವುದಿಲ್ಲ. ಫೋಟೋರೆಕ್ ಫೈಲಿನ ಒಳಗಿನ ಗುರುತು ಹಿಡಿದು ಹುಡುಕುತ್ತದೆಯೇ ಹೊರತು ಫೋಲ್ಡರ್ ಪಟ್ಟಿ ನೋಡುವುದಿಲ್ಲ.

ಪ್ರಶ್ನೆ: ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ನಲ್ಲಿ ಶಿಫ್ಟ್–ಡಿಲೀಟ್ ಮಾಡಿದ ಫೋಲ್ಡರ್ ಸಿಗುತ್ತದೆಯೇ?
– ಓದುಗರು, ಕೊಪ್ಪ

ಉತ್ತರ: ಆಸೆ ಕಡಿಮೆ. ಅಳಿಸಿದ ಜಾಗವನ್ನು ವಿಂಡೋಸ್ ಟ್ರಿಮ್ ಆದೇಶದಿಂದ ಎಸ್‌ಎಸ್‌ಡಿಗೆ ತಿಳಿಸುತ್ತದೆ, ಆಮೇಲೆ ಅಲ್ಲಿ ಓದಿದರೆ ಸಾಮಾನ್ಯವಾಗಿ ಬರುವುದು ಸೊನ್ನೆಗಳೇ. ರಿಕವರಿ ಸಾಫ್ಟ್‌ವೇರ್‌ಗೆ ದುಡ್ಡು ಕೊಡುವ ಮುನ್ನ ಒನ್‌ಡ್ರೈವ್‌ನ ರೀಸೈಕಲ್ ಬಿನ್, ಇಮೇಲ್‌ನಲ್ಲಿ ಕಳಿಸಿದ ಪ್ರತಿ, ಫೋನಿನ ವಾಟ್ಸ್‌ಆ್ಯಪ್ ಡಾಕ್ಯುಮೆಂಟ್ಸ್ ಫೋಲ್ಡರ್ ಹುಡುಕಿ.