ತೆಳ್ಳಗಿದ್ರೂ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಜಾಸ್ತಿ, ತುಪ್ಪ ಮೊಟ್ಟೆ ಬಿಟ್ರೂ ಇಳೀತಿಲ್ಲ. ಇನ್ನು ಎಣ್ಣೆನೂ ಪೂರ್ತಿ ಬಿಟ್ಬಿಡ್ಲಾ?

ಬಿಡ್ಬೇಡಿ. ಮೊದ್ಲು ಹೋಗಿ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ, ಎಣ್ಣೆ ವಿಷ್ಯ ಆಮೇಲೆ ನೋಡೋಣ.

ನಾನೂ ತೆಳ್ಳಗೇ ಇದ್ದೆ, ಈಗ್ಲೂ ಇದ್ದೀನಿ. ರಾಜಾಜಿನಗರದಲ್ಲಿ ಮನೆ, ಆಫೀಸಲ್ಲಿ ದಿನಪೂರ್ತಿ ಕೂತೇ ಕೆಲ್ಸ. 41ರ ಹೊತ್ತಿಗೆ ಒಂದು ಚೆಕಪ್‌ನಲ್ಲಿ ಎಲ್‌ಡಿಎಲ್ 178 ಬಂತು. ಮನೆಗೆ ಬಂದವಳೇ ತುಪ್ಪ, ಮೊಟ್ಟೆ, ತೆಂಗಿನಕಾಯಿ ಎಲ್ಲಾ ಬಂದ್. ಕಾವಲಿಗೆ ಅರ್ಧ ಈರುಳ್ಳಿ ಉಜ್ಜಿ ಎಣ್ಣೆ ಹಾಕ್ದೇ ದೋಸೆ ಹುಯ್ಯೋದು, ಅದು ಅಂಚೆಲ್ಲ ಒಣಗಿ ಎಬ್ಬಿಸೋಕೆ ಹೋದ್ರೆ ಪುಡಿಪುಡಿ, ಮಕ್ಕಳು ತಟ್ಟೆ ಮುಟ್ತಿರ್ಲಿಲ್ಲ. ನಮ್ಮತ್ತೆ "ಇದೇನೇ, ಮನೇಲಿ ಯಾರಿಗೋ ಪಥ್ಯ ಇಟ್ಟಂಗಿದೆ" ಅನ್ನೋರು. ಇಷ್ಟೆಲ್ಲಾ ಮಾಡಿ ಮುಂದಿನ ರಿಪೋರ್ಟ್ ಎಷ್ಟು ಗೊತ್ತಾ, 171.

ನಾನು ಎಡವಿದ್ದು ಲ್ಯಾಬ್ ಕೌಂಟರಲ್ಲಿ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅಲ್ಲೇ ನಿಂತಿದ್ದೀರ ಅನ್ಸತ್ತೆ. ಅಲ್ಲಿದ್ದ ಹುಡುಗಿ "ಮೇಡಂ, ಥೈರಾಯ್ಡೂ ಸೇರಿಸ್ಲಾ, ಸ್ವಲ್ಪ ಎಕ್ಸ್‌ಟ್ರಾ ಆಗತ್ತೆ" ಅಂತ ಕೇಳಿದ್ಲು, ನಾನು ಬೇಡಮ್ಮ ಅಂದೆ. ದುಡ್ಡಿನ ಲೆಕ್ಕ ಅಲ್ಲ. ಥೈರಾಯ್ಡ್ ಕಮ್ಮಿ ಆದ್ರೆ ದಪ್ಪ ಆಗ್ತಾರೆ, ನಮ್ಮ ಚಿಕ್ಕಮ್ಮ ಹಾಗೇ ಆಗಿದ್ರು, ನಾನು ತೆಳ್ಳಗಿದ್ದೀನಿ, ಅಂದ್ಮೇಲೆ ನಂಗಿಲ್ಲ, ಇಷ್ಟೇ ನನ್ನ ತಲೇಲಿದ್ದಿದ್ದು. ಥೈರಾಯ್ಡ್ ಕಮ್ಮಿ ಆದಾಗ ಏರೋ ತೂಕ ಸಾಮಾನ್ಯವಾಗಿ ನಾಲ್ಕೈದು ಕೆಜಿ ಒಳಗೇ, ಅದ್ರಲ್ಲೂ ಹೆಚ್ಚಿನದು ನೀರು ಉಪ್ಪು ಮೈಯಲ್ಲಿ ನಿಲ್ಲೋದ್ರಿಂದ, ತೆಳ್ಳಗಿರೋರು ತೆಳ್ಳಗೇ ಉಳೀಬಹುದು ಅಂತ ಆಗ ಗೊತ್ತಿರ್ಲಿಲ್ಲ. ಮೈ ಮಾತ್ರ ಎಲ್ಲಾ ಹೇಳ್ತಾನೇ ಇತ್ತು. ಕೂದ್ಲು ಉದುರ್ತಿತ್ತು, ಬೋರ್‌ವೆಲ್ ನೀರು ಅಂದ್ಕೊಂಡೆ. ಚಳಿ ಜಾಸ್ತಿ ಆಗ್ತಿತ್ತು, ಡಿಸೆಂಬರ್ ಅಲ್ವಾ ಅಂದ್ಕೊಂಡೆ, ಏಪ್ರಿಲ್‌ನಲ್ಲೂ ಫ್ಯಾನ್ ಆರ್ಸಿ ಮಲಗ್ತಿದ್ದೆ ಅನ್ನೋದು ಲೆಕ್ಕಕ್ಕೇ ಬರ್ಲಿಲ್ಲ. ಹಿಮ್ಮಡಿ ಒಡೆದಿತ್ತು, ಮಲಬದ್ಧತೆ, ಗಂಟಲು ದಪ್ಪ ಆಗಿತ್ತು, ಒಂದೊಂದಕ್ಕೂ ಒಂದೊಂದು ಕಾರಣ ಹುಡುಕ್ಕೊಂಡೆ, ಎಲ್ಲಾ ಒಟ್ಟಿಗೆ ಇಟ್ಟು ನೋಡ್ಲೇ ಇಲ್ಲ.

ಆಮೇಲೆ ಒಬ್ರು ಡಾಕ್ಟ್ರು ಸ್ಟ್ಯಾಟಿನ್, ಅಂದ್ರೆ ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ ಬರ್ಕೊಟ್ರು. ಸ್ವಲ್ಪ ದಿನಕ್ಕೇ ತೊಡೆ ಹಿಡ್ಕೊಳ್ಳೋಕೆ ಶುರು, ಮೆಟ್ರೋ ಸ್ಟೇಷನ್ ಮೆಟ್ಟಿಲು ಕೈಪಿಡಿ ಹಿಡ್ಕೊಂಡು ಹತ್ತೋ ಹಾಗಾಯ್ತು. ಥೈರಾಯ್ಡ್ ಕಮ್ಮಿ ಇದ್ದು ಅದಕ್ಕೆ ಔಷಧಿ ತಗೊಳ್ದೇ ಸ್ಟ್ಯಾಟಿನ್ ನುಂಗಿದ್ರೆ ಮಾಂಸಖಂಡಕ್ಕೆ ತೊಂದ್ರೆ ಆಗೋ ಸಾಧ್ಯತೆ ಜಾಸ್ತಿ. ನಾನು ಮಾತ್ರೆನೇ ಸರಿಯಿಲ್ಲ ಅಂತ ನಿಲ್ಲಿಸ್ಬಿಟ್ಟೆ, ಇನ್ನೊಂದಷ್ಟು ತಿಂಗ್ಳು ಹಾಗೇ ಹೋಯ್ತು. ಕೊನೆಗೆ ನಮ್ಮ ಏರಿಯಾದ ವಯಸ್ಸಾದ ಲೇಡಿ ಡಾಕ್ಟ್ರು ರಿಪೋರ್ಟ್ ಪಕ್ಕಕ್ಕಿಟ್ಟು ನನ್ನ ಸ್ಟೂಲ್ ಮೇಲೆ ಮಂಡಿಯೂರಿಸಿ, ಹಿಮ್ಮಡಿ ಸ್ವಲ್ಪ ಮೇಲೆ ಪುಟ್ಟ ಸುತ್ತಿಗೇಲಿ ತಟ್ಟಿದ್ರು. ಪಾದ ಟಕ್ ಅಂತ ಹೋಯ್ತು, ವಾಪಸ್ ಬರೋದು ಮಾತ್ರ ನಿಧಾನ. "ಥೈರಾಯ್ಡ್ ನೋಡಿದ್ಯೇನಮ್ಮ?" ಅಂದ್ರು. ನೋಡಿದ್ರೆ ಟಿಎಸ್‌ಎಚ್ 26. ಸುಮಾರಾಗಿ 4ರೊಳಗೆ ಇರ್ಬೇಕು ಅದು, ಥೈರಾಯ್ಡ್ ಕಮ್ಮಿ ಆದ್ರೆ ಅದು ಏರತ್ತೆ.

ನಮ್ಮ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲು ತಟ್ಟೆಯಿಂದ ಬರೋದಲ್ಲ, ಮೈಯೇ ಮಾಡ್ಕೊಳ್ಳೋದು. ರಕ್ತದಲ್ಲಿರೋ ಎಲ್‌ಡಿಎಲ್‌ನ ಲಿವರ್ ತನ್ನ ರಿಸೆಪ್ಟರ್‌ಗಳಿಂದ, ಅಂದ್ರೆ ಕೊಕ್ಕೆ ಥರದ್ದರಿಂದ, ಹಿಡಿದು ಒಳಗೆ ಎಳ್ಕೊಳ್ಳತ್ತೆ, ಇದನ್ನ ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್‌ಗೆ 1985ರಲ್ಲಿ ನೊಬೆಲ್ ಬಂತು. ಥೈರಾಯ್ಡ್ ಹಾರ್ಮೋನ್ ಕಮ್ಮಿ ಆದ್ರೆ ಆ ರಿಸೆಪ್ಟರ್‌ಗಳೇ ಕಮ್ಮಿ ಆಗತ್ತೆ. ಕಸದ ಆಟೋ ಬೀದಿಗೆ ಬರೋದೇ ನಿಂತ್ರೆ ಮನೇಲಿ ನೀವು ಎಷ್ಟು ಕಮ್ಮಿ ಕಸ ಮಾಡಿದ್ರೂ ಮೂಲೇಲಿ ಗುಡ್ಡೆ ಬೆಳಿಯತ್ತಲ್ಲ, ಹಾಗೆ. ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಶುರು ಮಾಡಿ ಟಿಎಸ್‌ಎಚ್ ಹದಕ್ಕೆ ಬಂದ್ಮೇಲೆ ನನ್ನ ಎಲ್‌ಡಿಎಲ್ 118ಕ್ಕೆ ಇಳೀತು, ಅಷ್ಟೊತ್ತಿಗೆ ದೋಸೆಗೆ ಎಣ್ಣೆ ವಾಪಸ್ ಬಂದಿತ್ತು. ಈಗ ಮುಟ್ಟು ನಿಂತಿದೆ, ಮತ್ತೆ ಸ್ವಲ್ಪ ಏರಿದೆ. ಅದೂ ಹಾರ್ಮೋನೇ, ಈಸ್ಟ್ರೋಜನ್ ಕೂಡ ಆ ರಿಸೆಪ್ಟರ್‌ಗಳನ್ನ ಜಾಸ್ತಿ ಇಟ್ಟಿರತ್ತೆ, ಅದು ಹೋದ್ಮೇಲೆ ಹೆಂಗಸರಿಗೆ ಎಲ್‌ಡಿಎಲ್ ಏರೋದು ಮಾಮೂಲು.

ಹಾಗಂತ ಊಟದಿಂದ ಏನೂ ಆಗಲ್ಲ ಅಂತಲ್ಲ. ನಮ್ಮ ಮನೆಯವರದ್ದು ನನ್ನ ಕೇಸಿಗೆ ಪೂರ್ತಿ ಉಲ್ಟಾ. ಎಲ್‌ಡಿಎಲ್ ಅಷ್ಟೇನಿಲ್ಲ, ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಇನ್ನೊಂದು ಥರದ ಕೊಬ್ಬು) ಜಾಸ್ತಿ, 290, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) ಕಮ್ಮಿ, 33. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಹೊಟ್ಟೆಯೊಳಗಿನ ಕೊಬ್ಬಿಂದ ಫ್ಯಾಟಿ ಆಸಿಡ್ ಲಿವರ್‌ಗೆ ಹೋಗ್ತಾ ಇರತ್ತೆ, ಇನ್ಸುಲಿನ್ ಸರಿಯಾಗಿ ಕೆಲ್ಸ ಮಾಡಲ್ಲ, ಲಿವರ್ ಅದನ್ನೆಲ್ಲ ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡತ್ತೆ. ಅವರು ಬಿಡ್ಬೇಕಾಗಿದ್ದು ತುಪ್ಪ ಅಲ್ಲ, ಸಂಜೆ ಬೇಕರಿ ಪಫ್ಸು, ಸಕ್ಕರೆ ಟೀ, ಎರಡನೇ ಸಲ ಹಾಕಿಸ್ಕೊಳ್ಳೋ ಅನ್ನ. ಅದನ್ನ ಕಮ್ಮಿ ಮಾಡಿ ದಿನಾ ಸ್ಯಾಂಕಿ ಕೆರೆ ಸುತ್ತೋಕೆ ಶುರು ಮಾಡಿದ್ಮೇಲೆ ಇಳೀತು. ಆದ್ರಿಂದ ನೀವೂ ತೂಕ ಬಿಟ್ಟು ಸೊಂಟಕ್ಕೆ ಟೇಪ್ ಹಿಡೀರಿ, ನಮ್ಮ ಕಡೆಯವರಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದಕ್ಕಿಂತ ಜಾಸ್ತಿ ಇದ್ರೆ ತೆಳ್ಳಗಿದ್ದೀನಿ ಅನ್ನೋ ಮಾತೇ ಬರಲ್ಲ.

ಮೊಟ್ಟೆ ಬಿಟ್ಟು ಉಪಯೋಗ ಇಲ್ಲ, ತುಂಬಾ ಜನಕ್ಕೆ ದಿನಕ್ಕೊಂದು ತಿಂದ್ರೆ ಎಲ್‌ಡಿಎಲ್ ಏನೂ ಅಷ್ಟು ಏರಲ್ಲ. ಬೆಣ್ಣೆ, ಪಾಮ್ ಎಣ್ಣೆ, ಡಾಲ್ಡಾ ಇವು ಏರಿಸೋದು ನಿಜ, ತುಪ್ಪನೂ ಸೌಟಲ್ಲಿ ಸುರ್ಕೊಂಡ್ರೆ ಏರಿಸತ್ತೆ. ಸಾರನ್ನಕ್ಕೆ ಒಂದು ಚಮಚ ನಾನು ಹಾಕ್ಕೊಳ್ತೀನಿ. ಹುರುಳಿಕಾಳು, ಅವರೆಕಾಳು, ಓಟ್ಸ್ ಜಾಸ್ತಿ ಮಾಡಿ, ಅದ್ರ ನಾರು ನಿಜವಾಗ್ಲೂ ಸ್ವಲ್ಪ ಇಳಿಸತ್ತೆ.

ಟಿಎಸ್‌ಎಚ್ ಜಾಸ್ತಿ ಬಂದು ಮಾತ್ರೆ ಕೊಟ್ರೆ ಬೆಳಗ್ಗೆ ಎದ್ದ ತಕ್ಷಣ ಬರೀ ನೀರಲ್ಲಿ ನುಂಗಿ, ಕಾಫಿ ಅರ್ಧದಿಂದ ಒಂದು ಗಂಟೆ ಆದ್ಮೇಲೆ, ಕ್ಯಾಲ್ಸಿಯಂ ಐರನ್ ಮಾತ್ರೆ ಇದ್ರೆ 4 ಗಂಟೆ ಅಂತರ. 6ರಿಂದ 8 ವಾರಕ್ಕೆ ಮತ್ತೆ ಟೆಸ್ಟ್. ಟಿಎಸ್‌ಎಚ್ ನಾರ್ಮಲ್ ಇದ್ದು ಎಲ್‌ಡಿಎಲ್ 190 ದಾಟಿದ್ರೆ, ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ರೆ, ಅದು ವಂಶದಿಂದ ಬಂದಿರಬಹುದು, ಆಗ ಊಟದಲ್ಲಿ ಒದ್ದಾಡ್ತಾ ಕೂರ್ಬೇಡಿ, ಡಾಕ್ಟ್ರು ಸ್ಟ್ಯಾಟಿನ್ ಕೊಟ್ರೆ ತಗೊಳ್ಳಿ, ಒಡಹುಟ್ಟಿದವರಿಗೂ ಮಕ್ಕಳಿಗೂ ಒಂದ್ಸಲ ಲಿಪಿಡ್ (ಕೊಲೆಸ್ಟ್ರಾಲ್) ಟೆಸ್ಟ್ ಮಾಡ್ಸಿ.