ಬಾಲ ಕುಣಿಸುವ ಆ ಹಕ್ಕಿ ಯಾವುದು?

ಪ್ರಶ್ನೆ: ನೀರಿನಂಚಿನ ಕಲ್ಲುಗಳ ಮೇಲೆ ಒಂಟಿಯಾಗಿ ಓಡಾಡುತ್ತ, ಸದಾ ಬಾಲ ಆಡಿಸುವ ಕಂದು ಹಕ್ಕಿಯೊಂದನ್ನು ಕಂಡೆ. ಅದು ಬಾಲ ಕುಣಿಸುವುದಕ್ಕೇ ಹೆಸರಾದ ಸಿಪಿಲೆ ಹಕ್ಕಿಯೇ?

ಉತ್ತರ: ಅಲ್ಲ, ನೀವು ಕಂಡದ್ದು ಗದ್ದೆಗೊರವ. ಆ ಬಾಲ ನೋಡಿ ಮೊದಲ ಸಲ ನಾನೂ ಏಮಾರಿದ್ದೆ! ಸರಿಯಾಗಿ ನೋಡಿದರೆ ಬಾಲವಷ್ಟೇ ಅಲ್ಲ, ಹಿಂಭಾಗವೆಲ್ಲ ತೂಗುತ್ತಿರುತ್ತದೆ. ಉದ್ದ ಸುಮಾರು 20 ಸೆಂ.ಮೀ. ಬೆನ್ನು ಮಣ್ಣುಗಂದು, ಹೊಟ್ಟೆ ಅಚ್ಚ ಬಿಳಿ. ನಾನು ಗುರುತು ಹಿಡಿಯುವುದು ಹೆಗಲಿನಿಂದ: ಎದೆಯ ಕಂದಿಗೂ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳುಪು ಕೊಕ್ಕೆಯಂತೆ ಮೇಲಕ್ಕೆ ನುಗ್ಗಿರುತ್ತದೆ. ಇದೊಂದು ಕಂಡರೆ ಸಾಕು, ಪುಸ್ತಕ ತೆರೆಯಬೇಕಿಲ್ಲ.

ಹತ್ತಿರ ಹೋದಿರೋ, 'ಟ್ವೀ-ವೀ-ವೀ' ಎಂದು ಕಿರುಚಿ, ನೀರಿಗೆ ತಾಗಿತೇನೋ ಎಂಬಷ್ಟು ತಗ್ಗಿನಲ್ಲಿ ಹಾರುತ್ತದೆ. ರೆಕ್ಕೆ ಪೂರ್ತಿ ಬೀಸುವುದಿಲ್ಲ. ಬಿಗಿಯಾಗಿ ಬಾಗಿಸಿ ಪಟಪಟನೆ ನಡುಗಿಸಿ, ಒಂದಿಷ್ಟು ದೂರ ತೇಲುತ್ತದೆ. ಆಗ ರೆಕ್ಕೆಯ ಉದ್ದಕ್ಕೂ ಬಿಳಿ ಗೆರೆ ಕಾಣುತ್ತದೆ. ಸೊಂಟ ಬೆಳ್ಳಗೆ ಹೊಳೆದರೆ ಅದು ಇದರ ನಂಟ, ಹಸಿರು ಗದ್ದೆಗೊರವ.

ಹೆಸರಿನಲ್ಲಿ ಗದ್ದೆಯಿದ್ದರೂ ಇದು ಗದ್ದೆಗೇ ಅಂಟಿಕೊಂಡಿಲ್ಲ. ಹೊಳೆ, ಕೆರೆ ಏರಿ, ಕಡಲ ಬಂಡೆ, ಕೊನೆಗೆ ಊರಿನ ಚರಂಡಿಯೂ ಆದೀತು. ಮರಿ ಮಾಡುವುದು ಮಾತ್ರ ಯುರೋಪು, ಏಷ್ಯಾದ ತಂಪು ನಾಡುಗಳ ಹೊಳೆದಂಡೆಗಳಲ್ಲಿ, ಹಿಮಾಲಯದಲ್ಲೂ ಉಂಟು.